ಹದಿಮೂರನೆಯ ಮೀನಿನ ನೆನಪು

"ನಲವತ್ತೊಂದು... ನಲವತ್ತೆರಡು... ನಲವತ್ಮೂರು..."

ಭಾವ ಎಣಿಸುತ್ತ ಹಿಡಿಕೆ ತಿರುಗಿಸುತ್ತಿದ್ದರು. ಪಂಪ್ ಕೋಣೆಯ ಮೇಜಿನ ಅಂಚಿಗೆ ಬಿಗಿದಿದ್ದ ಆ ಸಣ್ಣ ಯಂತ್ರ ಕರ್ರೋ ಎನ್ನುತ್ತ ಸುತ್ತುತ್ತಿತ್ತು. ಅದರ ಹೊಟ್ಟೆಯೊಳಗೆ ನಾಲ್ಕು ಗಾಜಿನ ನಳಿಗೆ, ನಾಲ್ಕರಲ್ಲೂ ಮೀನಿನ ರಕ್ತ. ಚೆನ್ನಾಗಿ ತಿರುಗಿಸಿದರೆ ಕೆಂಪೆಲ್ಲ ತಳಕ್ಕಿಳಿದು ಮೇಲೆ ತಿಳಿಯಾದ ಸೀರಂ ನಿಲ್ಲುತ್ತದೆ.

"ಎಣಿಸೋದು ಬೇಡ ಭಾವ. ನಾನು ಗಡಿಯಾರ ನೋಡ್ತಿದೀನಿ," ಎಂದಳು ಅವರ ಹೆಂಡತಿಯ ತಂಗಿ, ಮೀನಿನ ಡಾಕ್ಟರಮ್ಮ.

"ಮೂವತ್ತೊಂದು ವರ್ಷ ಪೊಲೀಸ್ ಇಲಾಖೇಲಿ ಸವೆದ ಕೈ ಇದು. ಎಂತೆಂಥ ಖದೀಮರಿಗೆ ಕೋಳ ಹಾಕಿದೀನಿ. ಈಗ ನೋಡು, ಮೀನಿನ ರಕ್ತ ಕಡೀತಾ ಕೂತಿದೀನಿ."

"ಕಡೀರಿ, ಕಡೀರಿ. ಇನ್ನು ಎರಡೇ ನಿಮಿಷ."

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷವಾಗಿತ್ತು. ಡಾಕ್ಟರಮ್ಮನಿಗೆ ಆ ಎರಡು ನಿಮಿಷವೂ ಭಾರವೇ. ಹನ್ನೊಂದು ದಿನಗಳಲ್ಲಿ ಈ ಸಾಕಣೆ ಕೇಂದ್ರದ ಐದು ಕೊಳಗಳ ಗೆಂಡೆ ಮೀನುಗಳು ಹೊಟ್ಟೆ ಊದಿ, ಮೈಮೇಲೆ ಹುಣ್ಣೆದ್ದು ಸತ್ತಿದ್ದವು. ಉಳಿದದ್ದು ಆಚೆ ಬದಿಯ ನಾಲ್ಕನೆಯ ಕೊಳ ಮತ್ತು ಬೇಲಿಯೊಳಗಿನ ತಾಯಿ ಕೊಳ, ಎರಡೇ. ನಾಲ್ಕು ಗಂಟೆಗೆ ಇಲಾಖೆಯ ಸಾಹೇಬರು ಸುಣ್ಣದ ಗಾಡಿ ತಂದು, ನೀರಿಗೆ ಸುಣ್ಣ ಸುರಿದು ಅವೆರಡನ್ನೂ ಮುಗಿಸಲಿದ್ದರು.

ತಾಯಿ ಕೊಳದ ರಕ್ತ ಶುದ್ಧವಾಗಿದೆ ಎಂದು ಡಾಕ್ಟರಮ್ಮ ಕೈಬರಹದಲ್ಲಿ ಬರೆದುಕೊಟ್ಟರೆ ಮಾತ್ರ ಅದನ್ನು ಬಿಡುತ್ತೇನೆ ಎಂದು ಸಾಹೇಬರು ಫೋನಿನಲ್ಲಿ ಹೇಳಿದ್ದರು. ಅದನ್ನು ಹೇಳುವಾಗ ಅವರು ಏನನ್ನೋ ಅಗಿಯುತ್ತಿದ್ದರು. ಅವಳಿಗೆ ಅದೇ ಹೆಚ್ಚು ಸಿಟ್ಟು ತರಿಸಿತ್ತು.

ತಾಯಿ ಕೊಳದಲ್ಲಿರುವುದು ಹನ್ನೆರಡು ಮುದಿ ಮೀನುಗಳು. ಈ ಕೇಂದ್ರದ ಮರಿಗಳೆಲ್ಲ ಅವುಗಳ ಹೊಟ್ಟೆಯಲ್ಲಿ ಹುಟ್ಟಿದವು. ಒಡತಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಆಕೆ ಆ ಹನ್ನೆರಡಕ್ಕೂ ಹೆಸರಿಟ್ಟಿದ್ದಾಳೆ, ದಿನಕ್ಕೆರಡು ಸಲ ಎಣಿಸುತ್ತಾಳೆ, ಬೇಲಿಯ ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಕೊರಳಲ್ಲಿ ಹಾಕಿಕೊಂಡಿದ್ದಾಳೆ. ಗಂಡ ಸತ್ತ ದಿನವೂ ಆಕೆ ಮೊದಲು ಮೀನಿಗೆ ಮೇವು ಹಾಕಿ ಆಮೇಲೆ ಅತ್ತವಳು ಎಂದು ಜನ ಆಡಿಕೊಳ್ಳುತ್ತಾರೆ. ಇಲ್ಲವೆಂದು ಆಕೆಯೂ ಹೇಳಿಲ್ಲ.

"ನಿಲ್ಸಿ ಭಾವ."

ಭಾವ ಹಿಡಿಕೆ ಬಿಟ್ಟು ಭುಜ ಉಜ್ಜಿಕೊಂಡರು.

ಈ ನಾಲ್ಕು ನಳಿಗೆಯ ರಕ್ತ ನಾಲ್ಕನೆಯ ಕೊಳದ ಮೀನುಗಳದು. ಡಾಕ್ಟರಮ್ಮ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಬೆಳ್ಳಗಿನ ದ್ರವ ಬಿಟ್ಟಳು. ಹುಣ್ಣು ರೋಗ ತಂದ ಬ್ಯಾಕ್ಟೀರಿಯ ಅದು. ಅವಳೇ ಪ್ರಯೋಗಾಲಯದಲ್ಲಿ ಬೆಳೆಸಿ, ಅವಳೇ ಕೊಂದು, ಶೀಶೆಯಲ್ಲಿ ತುಂಬಿ ತಂದದ್ದು. ಅದರ ಹೆಸರು ಎಷ್ಟು ಉದ್ದವೆಂದರೆ ಭಾವನ ನಾಲಿಗೆ ಎರಡು ಸಲ ಅದರಲ್ಲಿ ತೊಡರಿ ಬಿದ್ದಿತ್ತು. ಮೂರನೆಯ ಸಲ ಅವರು ಅದಕ್ಕೆ 'ಎ-ಒನ್' ಎಂದು ಹೆಸರಿಟ್ಟು ಕೈತೊಳೆದುಕೊಂಡರು. ಪೊಲೀಸರ ಕಡತದಲ್ಲಿ ಮೊದಲನೆಯ ಆರೋಪಿಯನ್ನು ಹಾಗೆ ಕರೆಯುವುದು ರೂಢಿ.

"ಮೀನಿನ ರಕ್ತ ಒಂದ್ಸಲ ಇದನ್ನ ನೋಡಿದ್ರೆ ಮರೆಯಲ್ಲ," ಎಂದು ಅವಳು ಸೀರಂ ಹನಿ ಸೇರಿಸಿದಳು. "ಇದಕ್ಕೇ ಅಂತ ಪ್ರತಿಕಾಯ ತಯಾರು ಮಾಡಿ ಇಟ್ಕೊಂಡಿರತ್ತೆ. ಮತ್ತೆ ಕಣ್ಣಿಗೆ ಬಿದ್ದ ಕೂಡ್ಲೆ ಕೊರಳಪಟ್ಟಿ ಹಿಡಿದು ಗುಂಪು ಗುಂಪಾಗಿ ಕಟ್ಟಿ ಹಾಕತ್ತೆ. ನೋಡೇ ಇಲ್ಲ ಅಂದ್ರೆ ಏನೂ ಆಗಲ್ಲ, ಹನಿ ಹಾಲಿನ ಹಾಗೇ ಇರತ್ತೆ."

"ಅಂದ್ರೆ ಗುರುತು ಪತ್ತೆ ಪರೇಡು."

"ಹಾಗೇ ಅಂದ್ಕೊಳ್ಳಿ."

ಅವಳು ಗಾಜನ್ನು ಆಚೀಚೆ ಓಲಾಡಿಸಿದಳು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಹಾಲು ಒಡೆದ ಹಾಗೆ ಸಣ್ಣ ಸಣ್ಣ ಗರಣೆಗಳು ಕಾಣಿಸಿಕೊಂಡವು. ಎರಡನೆಯದರಲ್ಲೂ ಹಾಗೆಯೇ. ಮೂರು, ನಾಲ್ಕರಲ್ಲೂ ಹಾಗೆಯೇ.

"ಗುರುತು ಹಿಡಿದ್ವು!" ಎಂದು ಭಾವ ಎದ್ದು ನಿಂತರು.

"ಕೂತ್ಕೊಳ್ಳಿ. ಅದರಲ್ಲಿ ಆಶ್ಚರ್ಯ ಏನಿಲ್ಲ. ಇವಕ್ಕೆ ಲಸಿಕೆ ಹಾಕಿದೆ ಅಂತ ದೊಡ್ಡಮ್ಮನ ಅಳಿಯ ನಿನ್ನೇನೇ ಹೇಳಿದಾರಲ್ಲ. ನನಗೆ ಬೇಕಾಗಿರೋದು ಬೇರೆ."

ಅವಳು ಬಾಗಿಲ ಕಡೆ ತಿರುಗಿದಳು. ಬಲೆ ಮೇಸ್ತ್ರಿ ಕೆಂಪು ಬಕೆಟ್ಟು ಹಿಡಿದು ಅಲ್ಲಿ ನಿಂತಿದ್ದ. ಮೂವತ್ತು ವರ್ಷದಿಂದ ಇಲ್ಲಿ ಬಲೆ ಎಳೆಯುವವನು, ಮಾತು ಕಡಿಮೆ. ಕೊಳಕ್ಕೊಂದು ಬಲೆ, ಬಲೆಗೊಂದು ಗೂಟ, ಮೂರು ದಿನ ಬಿಸಿಲು ಕಾಣದ ಬಲೆ ನೀರಿಗೆ ಇಳಿಯಬಾರದು ಎಂದು ನಿಯಮ ಮಾಡಿದವನೇ ಅವನು. ಸತ್ತ ಮೊದಲನೆಯ ಮೀನನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಸೈಕಲ್ ತುಳಿದು ಅವಳ ಪ್ರಯೋಗಾಲಯಕ್ಕೆ ತಂದುಕೊಟ್ಟವನೂ ಅವನೇ. ಇಡೀ ಕೇಂದ್ರದಲ್ಲಿ ಡಾಕ್ಟರಮ್ಮ ಪೂರ್ತಿ ನಂಬುವ ಮನುಷ್ಯನೆಂದರೆ ಇವನೊಬ್ಬ.

"ಮೇಸ್ತ್ರಿ, ಅಳಿಯಂದಿರನ್ನ ಸ್ವಲ್ಪ ಕರೀತೀರಾ?"

ಮೇಸ್ತ್ರಿ ತಲೆಯಾಡಿಸಿ ಹೋದ.

* * *

ಅಳಿಯ ಎಂದರೆ ದೊಡ್ಡಮ್ಮನ ಮಗಳ ಗಂಡ. ನಾಲ್ಕನೆಯ ಕೊಳ ಅವನದು. ಆರು ವರ್ಷದಿಂದ ಮೀನು ಸಾಕುತ್ತಿದ್ದರೂ ಅವನ ಅಂಗಿಯ ಇಸ್ತ್ರಿ ಒಂದು ದಿನವೂ ಕೆಟ್ಟದ್ದಿಲ್ಲ. ರಬ್ಬರ್ ಬೂಟು ಹಾಕಿಕೊಂಡು ಕೊಳದ ಬದುವಿನ ಮೇಲೆ ನಡೆಯುತ್ತಾನೆ, ಬೂಟಿಗೆ ಕೆಸರು ಹತ್ತುವುದಿಲ್ಲ. ಇದು ಹೇಗೆ ಸಾಧ್ಯ ಎಂದು ಭಾವ ತಮ್ಮ ಪುಸ್ತಕದಲ್ಲಿ ಪ್ರತ್ಯೇಕವಾಗಿ ಬರೆದುಕೊಂಡಿದ್ದರು.

"ಹೇಳಿ ಮೇಡಂ."

"ಲಸಿಕೆ ಹಾಕಿದ್ದು ಯಾವತ್ತು ಅಂದ್ರಿ?"

"ನಿನ್ನೆ ಹೇಳಿದ್ನಲ್ಲ. ಒಂದನೇ ಕೊಳದಲ್ಲಿ ಮೊದಲ್ನೇ ಮೀನು ಸತ್ತ ಮಾರನೇ ದಿನ. ಹತ್ತು ದಿನ ಆಯ್ತು. ಇದ್ದಿದ್ದು ಒಂದೇ ಬಾಟ್ಲಿ, ನನ್ನ ಕೊಳಕ್ಕಷ್ಟೇ ಆಯ್ತು. ಸ್ವಾರ್ಥಿ ಅನ್ನಿ ಬೇಕಾದ್ರೆ. ಸ್ವಾರ್ಥ ಅಪರಾಧ ಅಲ್ವಲ್ಲ?"

"ಅಲ್ಲ. ಈ ಥರ್ಮಾಮೀಟರ್ ಹಿಡ್ಕೊಳ್ಳಿ. ಈಗಷ್ಟೇ ನಿಮ್ಮ ಕೊಳದಿಂದ ತೆಗೆದ ನೀರು ಆ ಬಕೆಟ್‌ನಲ್ಲಿದೆ. ಅದ್ದಿ ಎಷ್ಟು ಅಂತ ಓದಿ."

ಅವನು ಅಂಗಿಯ ತೋಳು ಎರಡು ಮಡಿಕೆ ಮೇಲೆತ್ತಿ, ನೀರು ಹಾರದಂತೆ ಜೋಪಾನವಾಗಿ ಅದ್ದಿದ. "ಹದಿನೇಳು."

"ನಿಮ್ಮ ಮೈ ನನ್ನ ಮೈ ಯಾವಾಗ್ಲೂ ಬೆಚ್ಚಗಿರತ್ತೆ. ಮೀನಿಗೆ ಹಾಗಲ್ಲ, ನೀರು ಎಷ್ಟೋ ಮೈ ಅಷ್ಟು. ನೀರು ತಣ್ಣಗಿದ್ರೆ ಅದರ ರಕ್ತ ಸರ್ಕಾರಿ ಗುಮಾಸ್ತನ ಹಾಗೆ. ಅರ್ಜಿ ಕೊಟ್ಟು ಹತ್ತು ದಿನ ಆದ್ರೂ ಫೈಲು ಬಿಚ್ಚಿರಲ್ಲ. ಬೇಸಿಗೆ ನೀರಾದ್ರೆ ಎರಡು ವಾರಕ್ಕೆ ಪ್ರತಿಕಾಯ ಬರತ್ತೆ. ಹದಿನೇಳು ಡಿಗ್ರೀಲಿ ಆರು ವಾರ ಬೇಕು."

ಅವಳು ಗಾಜಿನ ಪಟ್ಟಿಯನ್ನು ಅವನ ಮೂಗಿನ ಕೆಳಗೆ ಹಿಡಿದಳು.

"ಇಲ್ಲಿ ನೋಡಿ, ಭರ್ಜರಿಯಾಗಿ ಬಂದಿದೆ. ಹತ್ತು ದಿನದಲ್ಲಿ ಹೇಗೆ ಬಂತು?"

ಅಳಿಯ ಗಾಜು ನೋಡಿದ, ಥರ್ಮಾಮೀಟರ್ ನೋಡಿದ, ಕೊನೆಗೆ ತನ್ನ ಬೂಟು ನೋಡಿದ.

"ನಮ್ಮ ಮೀನು ಸ್ವಲ್ಪ ಚುರುಕು ಮೇಡಂ."

ಆಗ ಭಾವ ಕುರ್ಚಿ ಎಳೆದು ಅವನ ಎದುರಿಗೆ ಹಾಕಿ ಕೂತರು. ಅವರದ್ದೊಂದು ಪಟ್ಟು ಇದೆ. ಏನೂ ಮಾತಾಡದೆ, ರೆಪ್ಪೆ ಬಡಿಯದೆ ಆರೋಪಿಯ ಹಣೆಯ ಮಧ್ಯವನ್ನು ದಿಟ್ಟಿಸುವುದು. ಕೆಲಸದಲ್ಲಿದ್ದಾಗ ಇದರಿಂದ ಎಷ್ಟೋ ಗಟ್ಟಿಗರು ಬಾಯಿಬಿಟ್ಟಿದ್ದರಂತೆ. ಈಗ ಕಣ್ಣಿನ ಪೊರೆ ತೆಗೆಸಿದ ಮೇಲೆ ಅರ್ಧ ನಿಮಿಷಕ್ಕೆ ನೀರು ಸುರಿಯುತ್ತದೆ. ಅವತ್ತೂ ಸುರಿಯಿತು. ಎದುರಿಗೆ ಕೂತ ಹಿರಿಯರು ತನಗಾಗಿ ಕಣ್ಣೀರು ಹಾಕುತ್ತಿದ್ದಾರೆ ಎಂದು ಭಾವಿಸಿದ ಅಳಿಯ ಅವರ ಕೈ ಹಿಡಿದುಕೊಂಡ.

"ಅಳಬೇಡಿ ಸಾರ್. ಹೇಳ್ತೀನಿ. ಅರವತ್ತೊಂದು ದಿನ."

ಡಾಕ್ಟರಮ್ಮ ಬೆಚ್ಚಿ ಗಾಜು ಕೆಳಗಿಟ್ಟಳು. ಭಾವ ಕರವಸ್ತ್ರ ತೆಗೆದರು.

"ಹೊರಗಿಂದ ಮೀನು ತರಿಸ್ದೆ. ಎರಡು ವರ್ಷದ್ದು, ಇನ್ನೂರು. ಹೊನ್ನಿನ ಹಾಗೆ ಹೊಳೀತಿದ್ವು. ಅತ್ತೆಯವರ ಮೀನಿಗಿಂತ ಒಳ್ಳೇ ತಳಿ ನಾನು ಮಾಡಿ ತೋರಿಸ್ಬೇಕು ಅಂತ ಒಂದು ಹಟ. ತಂದ ಮೇಲೆ ಗೊತ್ತಾಯ್ತು, ಆ ಕಡೆ ಹುಣ್ಣು ರೋಗ ಬಂದು ಹೋಗಿದೆ ಅಂತ. ಹೇಳಿದ್ರೆ ಮಾನ ಹೋಗತ್ತೆ. ಬೆಳಿಗ್ಗೆ ಯಾರೂ ಏಳೋಕೆ ಮುಂಚೆ ಒಬ್ನೇ ಕೂತು ಇನ್ನೂರಕ್ಕೂ ಸೂಜಿ ಹಾಕ್ದೆ. ನನಗೆ ಸೂಜಿ ಕಂಡ್ರೆ ತಲೆ ಸುತ್ತತ್ತೆ ಮೇಡಂ. ಕಣ್ಣು ಮುಚ್ಕೊಂಡೇ ಹಾಕ್ದೆ. ಮೂರು ಸಲ ನನ್ನ ಹೆಬ್ಬೆರಳಿಗೇ ಚುಚ್ಕೊಂಡೆ."

"ಹಾಗಾದ್ರೆ ನಿಮಗೂ ಹುಣ್ಣು ಬರಲ್ಲ, ಸಮಾಧಾನ ಮಾಡ್ಕೊಳ್ಳಿ," ಎಂದರು ಭಾವ.

"ಲಸಿಕೆ ಹಾಕಿದ್ರೆ ಮೀನು ಬದುಕತ್ತೆ ಅಷ್ಟೇ. ಮೈಯೊಳಗೆ ಎ-ಒನ್ ಅಡಗಿ ಕೂತಿರಬಹುದು. ಗೊತ್ತಿತ್ತಾ?" ಎಂದು ಡಾಕ್ಟರಮ್ಮ ಕೇಳಿದಳು. ಭಾವನ ಭಾಷೆ ತನ್ನ ಬಾಯಿಗೂ ಬಂದದ್ದು ಅವಳಿಗೆ ಆಮೇಲೆ ಹೊಳೆಯಿತು.

"ಗೊತ್ತಿತ್ತು. ಅದಕ್ಕೇ ಜೋಪಾನ ಮಾಡಿದ್ದು. ನನ್ನ ಕೊಳದ ಬಲೆ ಬೇರೆ, ಬಕೆಟ್ಟು ಬೇರೆ, ನೀರಿನ ಕಾಲುವೆ ಬೇರೆ. ನನ್ನ ಕೊಳದ ಒಂದು ಹನಿ ಆ ಕಡೆ ಹೋಗಿಲ್ಲ. ಒಂದನೇ ಕೊಳಕ್ಕೆ ಹೇಗೆ ಹೋಯ್ತೋ ನನ್ನಾಣೆ ಗೊತ್ತಿಲ್ಲ!"

ಅವಳು ಅದನ್ನು ನಂಬಿದಳು. ನಂಬುವುದು ಇಷ್ಟವಿರಲಿಲ್ಲ, ಆದರೆ ಇಸ್ತ್ರಿ ಕೆಡಿಸಿಕೊಳ್ಳದ ಮನುಷ್ಯ ಬಲೆ ಬೆರೆಸುವವನಲ್ಲ. ಒಂದನೆಯ ಕೊಳದ ನೀರು ಎರಡು, ಮೂರು, ಐದು, ಆರಕ್ಕೆ ಹರಿಯುತ್ತದೆ. ಹಾಗಾಗಿ ಒಂದರಲ್ಲಿ ಹತ್ತಿದ್ದು ಉಳಿದವಕ್ಕೆ ಹರಡಿದ್ದು ಸರಿ. ನಾಲ್ಕರಿಂದ ಒಂದಕ್ಕೆ ಬಂದದ್ದು ಮಾತ್ರ ಹೇಗೆ?

"ಅಳಿಯಂದ್ರು ಬಹಳ ದಣಿದಿರ್ಬೇಕು ಪಾಪ," ಎಂದು ಕಿಟಕಿಯ ಹೊರಗಿಂದ ದನಿ ಬಂತು. "ಇನ್ನೂರು ಸೂಜಿ ಅಂದ್ರೆ ಸುಮ್ನೆನಾ? ಒಳ್ಳೇ ಕೆಲಸ ಮಾಡಿದ್ರಿ. ನನ್ನ ಮನೆ ಗುಡಿಸಿ ಗುಂಡಾಂತರ ಮಾಡಿದ್ರಿ. ನಿಮ್ಮ ಕಾಲಿಗೆ ಬೀಳೋದೊಂದು ಬಾಕಿ."

ದೊಡ್ಡಮ್ಮ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಳಿಯನನ್ನು ಆಕೆ ಬಹುವಚನ ಬಿಟ್ಟು ಮಾತಾಡಿಸಿದವಳಲ್ಲ. ಬೈಗುಳ ಬಹುವಚನದಲ್ಲಿ ಬಂದರೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

ಒಂದು ಮಾತ್ರ ಡಾಕ್ಟರಮ್ಮನಿಗೆ ವಿಚಿತ್ರವಾಗಿ ಕಂಡಿತು. ಅರವತ್ತೊಂದು ದಿನ ಎಂದಾಗ ಭಾವ ಬೆಚ್ಚಿದ್ದರು, ತಾನೂ ಬೆಚ್ಚಿದ್ದಳು. ಕಿಟಕಿಯಾಚೆ ಎಲ್ಲ ಕೇಳಿಸಿಕೊಂಡ ದೊಡ್ಡಮ್ಮನ ಮುಖದಲ್ಲಿ ಮಾತ್ರ ಬೆಚ್ಚಿದ ಗುರುತಿರಲಿಲ್ಲ.

* * *

ಮೂರು ಗಂಟೆಗೆ ದೊಡ್ಡಮ್ಮ ಬೇಲಿಯ ಬೀಗ ತೆಗೆದಳು. ಮೇಸ್ತ್ರಿ ತಾಯಿ ಕೊಳದ ಬಲೆಯನ್ನು ಅದರ ಗೂಟದಿಂದ ಇಳಿಸಿ ನೀರಿಗೆ ಬಿಟ್ಟು, ಮೀನುಗಳನ್ನು ಒಂದು ಮೂಲೆಗೆ ತಂದ. ಲವಂಗದ ಎಣ್ಣೆ ಬೆರೆಸಿದ ತೊಟ್ಟಿಯಲ್ಲಿ ಒಂದೊಂದನ್ನೇ ಬಿಡುವುದು. ಅದು ಅಮಲೇರಿ ಮಗ್ಗುಲಾದಾಗ ಬಾಲದ ಬುಡದಿಂದ ರಕ್ತ ತೆಗೆಯುವುದು. ಮತ್ತೆ ಶುದ್ಧ ನೀರಿಗೆ ಬಿಡುವುದು. ಕೊಳದ ದಡವೆಲ್ಲ ಲವಂಗದ ವಾಸನೆ.

"ಇವಳು ಮಹಾರಾಣಿ," ಎಂದು ದೊಡ್ಡಮ್ಮ ಪರಿಚಯ ಮಾಡಿಕೊಟ್ಟಳು. "ನಿಧಾನ ಕಣಮ್ಮ, ಸೂಜಿ ಸಣ್ಣದು ಹಾಕು. ಇವಳು ಗಯ್ಯಾಳಿ, ಬಾಲದಲ್ಲಿ ಬಡೀತಾಳೆ, ಮುಖ ಆಚೆ ಇಟ್ಕೋ."

ಗಯ್ಯಾಳಿ ಡಾಕ್ಟರಮ್ಮನಿಗೆ ಬಡಿಯಲಿಲ್ಲ, ಭಾವನ ಕೆನ್ನೆಗೆ ಬಡಿಯಿತು. ಭಾವ ಅದನ್ನೂ ಪುಸ್ತಕದಲ್ಲಿ ಬರೆದರು.

"ಇವಳು ಸೋಮಾರಿ. ಇವಳು ಮೂಗುತಿ. ಇವಳು ನನ್ನ ಮಗಳು ಹುಟ್ಟಿದ ವರ್ಷದವಳು, ಮಗಳಿಗಿಂತ ಹೇಳಿದ ಮಾತು ಕೇಳ್ತಾಳೆ."

ಮಾತು ಜೋರಾಗಿದ್ದರೂ ಪ್ರತಿ ಮೀನೂ ತೊಟ್ಟಿಯಲ್ಲಿ ಮಗ್ಗುಲಾದಾಗ ಆಕೆ ಉಸಿರು ಹಿಡಿಯುತ್ತಿದ್ದಳು, ಅದರ ಕಿವಿರು ಮತ್ತೆ ಆಡಿದಾಗ ಬಿಡುತ್ತಿದ್ದಳು. ಡಾಕ್ಟರಮ್ಮ ಸೂಜಿಯ ತುದಿಯನ್ನು ಇನ್ನೊಮ್ಮೆ ನೋಡಿಕೊಂಡಳು. ಈ ಹೆಂಗಸಿನ ಇಡೀ ಬದುಕು ಈ ಹಳದಿ ತೊಟ್ಟಿಯಲ್ಲಿ ತೇಲುತ್ತಿದೆ, ತಾನು ಒಂದು ಹನಿ ತಪ್ಪಿದರೆ ನಾಲ್ಕು ಗಂಟೆಗೆ ಎಲ್ಲ ಸುಣ್ಣ.

"ಹನ್ನೆರಡು ಮುಗೀತಲ್ಲ?" ಎಂದು ಅವಳು ಬೆನ್ನು ನೆಟ್ಟಗೆ ಮಾಡಿದಳು.

"ಇನ್ನೊಂದಿದೆ," ಎಂದ ಮೇಸ್ತ್ರಿ.

ಬಲೆಯ ಮೂಲೆಯಲ್ಲಿ ಒಂದು ಮೀನು. ಉಳಿದವು ತೂಗಿದರೆ ಒಂದೊಂದೂ ಏಳೆಂಟು ಕಿಲೋ ಬಂದಾವು. ಇದು ಹೆಚ್ಚೆಂದರೆ ಒಂದೂವರೆ. ಬಿಸಿಲಿಗೆ ಹೊನ್ನಿನ ಹಾಗೆ ಹೊಳೆಯಿತು.

"ದೊಡ್ಡಮ್ಮ, ಹನ್ನೆರಡು ಅಂದಿದ್ರಿ."

"ಹದಿಮೂರು," ಎಂದಳು ದೊಡ್ಡಮ್ಮ, ಆಕಾಶ ನೋಡುತ್ತ. "ಯಾವಾಗ್ಲೂ ಹದಿಮೂರೇ."

"ಇದು ಇಷ್ಟು ಚಿಕ್ಕದಿದೆಯಲ್ಲ?"

"ಸೊರಗಿದೆ. ಚಿಂತೆ ಹಚ್ಕೊಂಡಿದೆ."

ಡಾಕ್ಟರಮ್ಮ ಮೀನನ್ನು ಒದ್ದೆ ಬಟ್ಟೆಯ ಮೇಲೆ ಮಲಗಿಸಿ ಹೊಟ್ಟೆ ನೋಡಿದಳು. ರೆಕ್ಕೆಯ ಬುಡದಲ್ಲಿ ಸಾಸಿವೆ ಗಾತ್ರದ ಒಂದು ಕಲೆ, ವಾಸಿಯಾದ ಸೂಜಿಯ ಗಾಯ. ಕಣ್ಣು ಮುಚ್ಚಿಕೊಂಡು ಚುಚ್ಚಿದವನ ಕೈಯ ಹಾಗೆ ವಕ್ರವಾಗಿತ್ತು. ಅವಳು ರಕ್ತ ತೆಗೆದಳು.

ಭಾವ ಮತ್ತೆ ಹಿಡಿಕೆಗೆ ಕೂತರು. ಈ ಸಲ ಎಣಿಸಲಿಲ್ಲ.

ಮೂರು ಗಂಟೆ ಇಪ್ಪತ್ತೈದು. ಪಂಪ್ ಕೋಣೆಯ ಮೇಜಿನ ಮೇಲೆ ಹದಿಮೂರು ಗಾಜಿನ ಪಟ್ಟಿ ಸಾಲಾಗಿ, ಹೊಸ್ತಿಲಲ್ಲಿ ಕೆಂಪು ಬಕೆಟ್ಟು ಹಿಡಿದ ಮೇಸ್ತ್ರಿ. ಮಹಾರಾಣಿ, ಹಾಲು. ಗಯ್ಯಾಳಿ, ಹಾಲು. ಸೋಮಾರಿ, ಮೂಗುತಿ, ಎಲ್ಲ ಹಾಲು. ಹನ್ನೆರಡೂ ತಿಳಿ. ಹದಿಮೂರನೆಯದು ಒಂದೇ ಓಲಾಟಕ್ಕೆ ಒಡೆದು ಗರಣೆಯಾಯಿತು.

"ನನ್ನ ಮೀನು!" ಎಂದ ಅಳಿಯ. "ಅತ್ತೆ, ಅದು ನನ್ನ ಕೊಳದ ಮೀನು! ತಾಯಿ ಕೊಳಕ್ಕೆ ಹೇಗೆ ಬಂತು?"

ದೊಡ್ಡಮ್ಮ ಕೊರಳಿನ ಬೀಗದ ಕೈಯನ್ನು ಸೆರಗಿನೊಳಗೆ ಸೇರಿಸಿದಳು.

"ಹೋಗ್ಲಿ ಬಿಡಿ, ಹನ್ನೆರಡು ಶುದ್ಧ ಅಂತ ಬಂತಲ್ಲ," ಎಂದರು ಭಾವ. "ಬರೆದುಬಿಡಮ್ಮ ಕಾಗದ."

"ಬರೆಯೋಕಾಗಲ್ಲ ಸಾರ್," ಎಂದ ಅಳಿಯ. ಸೋತ ಮನುಷ್ಯನಿಗೆ ತಲೆ ಚುರುಕಾಗುತ್ತದೆ. "ಮೇಡಂ ಈಗ ತಾನೇ ಹೇಳಿದ್ರು, ಈ ತಣ್ಣೀರಲ್ಲಿ ಪ್ರತಿಕಾಯ ಬರೋಕೆ ಆರು ವಾರ ಬೇಕು ಅಂತ. ಈ ಹದಿಮೂರನೇದು ತಾಯಿ ಕೊಳಕ್ಕೆ ಬಂದು ಹತ್ತೇ ದಿನ ಆಗಿದ್ರೆ? ಉಳಿದ ಹನ್ನೆರಡಕ್ಕೂ ರೋಗ ಹತ್ತಿರಬಹುದು, ರಕ್ತ ಇನ್ನೂ ಫೈಲು ಬಿಚ್ಚಿಲ್ಲ ಅಷ್ಟೇ. ಹಾಲು ಹಾಲಾಗಿದೆ ಅಂತ ನಂಬೋ ಹಾಗಿಲ್ಲ."

ಡಾಕ್ಟರಮ್ಮನಿಗೆ ಅವನ ಕೆನ್ನೆಗೆ ಗಯ್ಯಾಳಿಯಿಂದ ಇನ್ನೊಂದು ಬಾರಿಸಬೇಕೆನಿಸಿತು. ಆದರೆ ಅವನ ಮಾತು ನೂರಕ್ಕೆ ನೂರು ಸರಿ. ಅವನನ್ನು ಹಿಡಿದ ಹಗ್ಗವೇ ಈಗ ಆ ಹನ್ನೆರಡು ಮೀನುಗಳ ಕೊರಳಿಗೂ ಬಿದ್ದಿತ್ತು.

"ದೊಡ್ಡಮ್ಮ," ಎಂದಳು ಅವಳು ಮೆಲ್ಲಗೆ. "ಈ ಮೀನು ಇಲ್ಲಿಗೆ ಬಂದದ್ದು ಯಾವತ್ತು ಅಂತ ಗೊತ್ತಾಗ್ಬೇಕು. ಆರು ವಾರ ದಾಟಿದ್ರೆ ನಿಮ್ಮ ಹನ್ನೆರಡಕ್ಕೆ ಏನೂ ಹತ್ತಿಲ್ಲ ಅಂತ ನಾನು ಧೈರ್ಯವಾಗಿ ಬರೀತೀನಿ. ದಾಟಿಲ್ಲ ಅಂದ್ರೆ ಬರೆಯೋಕೆ ನನ್ನ ಕೈ ಬರಲ್ಲ. ತಂದವರು ಯಾರೇ ಆಗ್ಲಿ, ದಿನ ಒಂದು ಹೇಳಿದ್ರೆ ಸಾಕು."

ದೊಡ್ಡಮ್ಮ ಗಾಜಿನ ಸಾಲನ್ನು ನೋಡಿದಳು, ಅಳಿಯನನ್ನು ನೋಡಿದಳು. ಆಕೆಗೆ ಯಾವುದು ಕಷ್ಟ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆರು ವರ್ಷದಿಂದ ಈ ಅಳಿಯನ ಒಂದು ಕೆಲಸವನ್ನೂ ಆಕೆ ಮೆಚ್ಚಿದವಳಲ್ಲ.

"ಅರವತ್ತು ದಿನ," ಎಂದಳು ಕೊನೆಗೆ.

"ಅತ್ತೆ!"

"ನೀವು ಸೂಜಿ ಹಾಕಿದ ಮಾರನೇ ಬೆಳಿಗ್ಗೆ. ಹಾಕೋದನ್ನ ನಾನು ಬದುವಿನ ಹಿಂದೆ ಕೂತು ನೋಡಿದೆ. ಜೀವಸತ್ವ ಗೀವಸತ್ವ ಏನೋ ಕೊಡ್ತಿದ್ದೀರಿ ಅಂದ್ಕೊಂಡೆ. ಆ ಬಣ್ಣ ನೋಡಿ ನನಗೆ ತಡೆಯೋಕಾಗ್ಲಿಲ್ಲ. ಬಿಸಿಲಿಗೆ ಹಿಡಿದ್ರೆ ಕಣ್ಣು ಕುಕ್ಕತ್ತೆ. ಅಂಥದ್ದು ನನ್ನ ಕೊಳದಲ್ಲಿಲ್ಲ, ನಿಮ್ಮ ಕೊಳದಲ್ಲಿದೆ ಅಂದ್ರೆ ನಿದ್ದೆ ಹೇಗೆ ಬರತ್ತೆ? ಹೋಗಿ ಬಕೆಟ್ಟಲ್ಲಿ ಎತ್ಕೊಂಡು ಬಂದೆ. ಹೂಂ, ಕದ್ದೆ. ಅರವತ್ತೆಂಟು ವಯಸ್ಸಿಗೆ ಅಳಿಯನ ಮನೇಲಿ ಕದ್ದೆ. ಬರ್ಕೊಳ್ಳಿ ಇನ್ಸ್‌ಪೆಕ್ಟ್ರೆ, ದೊಡ್ಡಕ್ಷರದಲ್ಲಿ ಬರ್ಕೊಳ್ಳಿ."

ಭಾವ ಪೆನ್ನು ಹಿಡಿದವರು ಬರೆಯಲಿಲ್ಲ.

ಅಳಿಯನ ಮುಖದಲ್ಲಿ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ. ಅವನು ಇಸ್ತ್ರಿ ಅಂಗಿಯ ತೋಳಿನಲ್ಲೇ ಮೂಗು ಒರೆಸಿಕೊಂಡ.

"ಅಂದ್ರೆ... ನನ್ನ ಮೀನು ಚೆನ್ನಾಗಿತ್ತಾ ಅತ್ತೆ?"

"ಚೆನ್ನಾಗಿಲ್ದೆ ಕದೀತಾರಾ?" ಎಂದು ಗದರಿದಳು ದೊಡ್ಡಮ್ಮ.

ಡಾಕ್ಟರಮ್ಮ ನಕ್ಕಳು. ಹನ್ನೊಂದು ದಿನದಲ್ಲಿ ಮೊದಲ ಸಲ ಎದೆ ಹಗುರಾಗಿತ್ತು. ಅರವತ್ತು ದಿನ ಈ ಮೀನಿನ ಜೊತೆ ಒಂದೇ ನೀರು ಕುಡಿದರೂ ಹನ್ನೆರಡರ ರಕ್ತಕ್ಕೂ ಎ-ಒನ್‌ನ ಪರಿಚಯವಿಲ್ಲ ಎಂದರೆ ಅವು ಶುದ್ಧ. ಅವಳು ಕಾಗದ ಎಳೆದುಕೊಂಡು ಬರೆದಳು, ರುಜು ಹಾಕಿದಳು, ಮಡಚಿ ದೊಡ್ಡಮ್ಮನ ಕೈಗಿಟ್ಟಳು.

"ಇನ್ನು ಆ ಹದಿಮೂರನೇದನ್ನ ಬೇರೆ ತೊಟ್ಟಿಗೆ ಹಾಕಿ. ಒಂದು ಮೀನು ತಂದು ಎಷ್ಟು ರಂಪ ಮಾಡಿದ್ರಿ ದೊಡ್ಡಮ್ಮ."

"ಒಂದಲ್ಲ."

"ಏನು?"

"ನಾನು ತಂದದ್ದು ಎರಡು," ಎಂದಳು ದೊಡ್ಡಮ್ಮ ತಲೆ ತಗ್ಗಿಸಿ. "ಜೋಡಿ ಇರ್ಲಿ ಅಂತ. ಒಂದರ ಬಾಲದ ತುದಿ ಕತ್ರೀಲಿ ಚೂರು ಕತ್ತರಿಸಿ ಗುರುತು ಮಾಡಿದ್ದೆ. ಹನ್ನೆರಡು ದಿನದ ಹಿಂದೆ ಸಂಜೆ ಎಣಿಸಿದಾಗ ಹದಿನಾಲ್ಕಿತ್ತು. ಬೆಳಿಗ್ಗೆ ನೋಡಿದ್ರೆ ಹದಿಮೂರು. ಬಾಲ ಕತ್ತರಿಸಿದ್ದು ಇಲ್ಲ. ಯಾರ ಹತ್ರ ಅಂತ ಹೇಳಿಕೊಳ್ಳಲಿ? ಕದ್ದ ಮಾಲು ಕಳವಾಗಿದೆ ಅಂತ ದೂರು ಕೊಡೋಕಾಗತ್ತಾ?"

ಡಾಕ್ಟರಮ್ಮನ ಕೈ ಕಾಗದಗಳ ಮೇಲೆ ಹಾಗೇ ನಿಂತಿತು.

ಬಾಲದ ತುದಿ ಕತ್ತರಿಸಿದ ಮೀನು. ಅದನ್ನು ಅವಳು ನೋಡಿದ್ದಳು. ಹನ್ನೊಂದು ದಿನದ ಹಿಂದೆ ಐಸ್ ಪೆಟ್ಟಿಗೆಯಲ್ಲಿ ಅವಳ ಮೇಜಿಗೆ ಬಂದ ಮೊದಲ ಮೀನು. ಕಿವಿರು ಇನ್ನೂ ಕೆಂಪಗಿತ್ತು. 'ಒಂದನೇ ಕೊಳದ್ದು, ಬೆಳಿಗ್ಗೆ ತೇಲ್ತಿತ್ತು' ಎಂದು ತಂದವನು ಹೇಳಿದ್ದ. ಹೊಟ್ಟೆ ಕುಯ್ದರೆ ಒಳಗೆಲ್ಲ ರಕ್ತ, ಯಕೃತ್ತು ಒಡೆದಿತ್ತು. ಮೂತ್ರಪಿಂಡದಲ್ಲಿ ಎ-ಒನ್ ಸಿಕ್ಕಿತು. ಸಿಕ್ಕಿದ ಕೂಡಲೇ ಅವಳು ಬೇರೆ ಏನನ್ನೂ ಹುಡುಕದೆ ರೋಗ ಎಂದು ಬರೆದು ಮುಚ್ಚಿದ್ದಳು. ಅವತ್ತು ಅಕ್ಕ ಕೊಟ್ಟ ಊಟದ ಡಬ್ಬಿ ಹಿಡಿದು ಬಂದಿದ್ದ ಭಾವ ಮೀನನ್ನು ನೋಡಿ ಒಂದು ಮಾತು ಹೇಳಿದ್ದರು. ಅವಳು ಹೊಟ್ಟೆ ಹಿಡಿದು ನಕ್ಕಿದ್ದಳು.

ಅವಳು ಸರಕ್ಕನೆ ಐಸ್ ಪೆಟ್ಟಿಗೆ ತೆರೆದಳು. ಮೊದಲ ದಿನದಿಂದ ಎಲ್ಲ ಮೀನುಗಳ ಸೀರಂ ಅಲ್ಲೇ ಇತ್ತು. 'ಒಂದು' ಎಂದು ಚೀಟಿ ಅಂಟಿಸಿದ ಸಣ್ಣ ಶೀಶೆಯಲ್ಲಿ ಒಂದೇ ಹನಿ ಉಳಿದಿತ್ತು. ಅದನ್ನು ಪರೀಕ್ಷಿಸಿರಲಿ, ಪರೀಕ್ಷಿಸಬೇಕೆಂದು ಹೊಳೆದೂ ಇರಲಿಲ್ಲ. ರೋಗದಿಂದ ಸತ್ತ ಮೀನಿನ ನೆನಪು ಯಾರಿಗೆ ಬೇಕು?

ಹನಿಗೆ ಹನಿ ಸೇರಿಸಿ ಓಲಾಡಿಸಿದಳು. ನಾಲ್ವರೂ ಮೇಜಿನ ಮೇಲೆ ಬಗ್ಗಿದರು.

ಹನಿ ಒಡೆಯಿತು.

"ಇದಕ್ಕೂ ಲಸಿಕೆ ಆಗಿತ್ತು," ಎಂದಳು. ತನ್ನ ದನಿಯೇ ಅವಳಿಗೆ ಅಪರಿಚಿತವಾಗಿ ಕೇಳಿಸಿತು. "ಸಾಯೋ ಹೊತ್ತಿಗೆ ಏಳು ವಾರ ಕಳೆದಿತ್ತು. ಎ-ಒನ್ ಇದರ ಮೈಯಲ್ಲಿತ್ತು, ಆದ್ರೆ ಇದನ್ನ ಕೊಲ್ಲೋ ಶಕ್ತಿ ಅದಕ್ಕಿರಲಿಲ್ಲ. ಭಾವ, ಇದು ರೋಗದಿಂದ ಸತ್ತಿಲ್ಲ. ಯಾರೋ ಇದನ್ನ ಬೀಗದೊಳಗಿಂದ ತೆಗೆದು, ಬಡಿದು ಸಾಯಿಸಿ, ಒಂದನೇ ಕೊಳದ ನೀರಿಗೆ ಹಾಕಿದಾರೆ. ಬದುಕಿರೋ ತನಕ ಒಳಗೇ ಅಡಗಿದ್ದ ಎ-ಒನ್ ಒಡೆದ ಮೈಯಿಂದ ನೀರಿಗಿಳೀತು, ಉಳಿದ ಸಾವೆಲ್ಲ ಅಲ್ಲಿಂದ ಬಂದದ್ದು."

ಭಾವ ಜಂಬ ಕೊಚ್ಚಿಕೊಳ್ಳಲಿಲ್ಲ. ಪುಸ್ತಕವನ್ನು ಮೊದಲ ಪುಟಕ್ಕೆ ತಿರುವಿ ಅವಳ ಮುಂದಿಟ್ಟರು. ಹನ್ನೊಂದು ದಿನದ ಹಿಂದಿನ ತಾರೀಖು, ಅದರ ಕೆಳಗೆ ಒಂದೇ ಪದ: ಕೊಲೆ.

"ಅವತ್ತು ನಕ್ಕಿದ್ದಕ್ಕೆ ಕ್ಷಮಿಸಿ ಭಾವ."

"ಅದಿರ್ಲಿ. ಒಂದನೇ ಕೊಳದಲ್ಲಿ ತೇಲ್ತಿತ್ತು ಅಂತ ಹೇಳಿ ಆ ಮೀನನ್ನ ನಿನಗೆ ತಂದುಕೊಟ್ಟವರು ಯಾರು?"

ಹೊರಗೆ ಗೇಟಿನ ಬಳಿ ಸುಣ್ಣದ ಗಾಡಿ ಹಾರನ್ ಹೊಡೆಯಿತು. ಗೇಟು ತೆಗೆಯಲು ಯಾರೂ ಹೋಗಲಿಲ್ಲ.

ಡಾಕ್ಟರಮ್ಮ ಬಾಗಿಲ ಕಡೆ ತಿರುಗಿದಳು. ಕೆಂಪು ಬಕೆಟ್ಟು ಹೊಸ್ತಿಲ ಮೇಲೆ ಹಾಗೇ ಇತ್ತು, ಅದರೊಳಗಿನ ನೀರು ಇನ್ನೂ ತುಳುಕಾಡುತ್ತಿತ್ತು. ಯಾಕೆ ಎಂದು ಕೇಳೋಣವೆಂದರೆ, ಅದನ್ನು ಹಿಡಿದು ನಿಂತಿದ್ದ ಮೇಸ್ತ್ರಿ ಅಲ್ಲಿರಲಿಲ್ಲ.